ಕೋರ್ಟು ಸುಟ್ಟುಹೋದ ಕೌಂಟಿಯಲ್ಲಿ ಜಮೀನು ಕೊಳ್ಳಬಹುದೇ?

ಓದುಗರ ಪ್ರಶ್ನೆ: ನಮ್ಮ ಮೂಲ ಅರಸೀಕೆರೆ ಕಡೆ. ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ಬಳಿ ಹತ್ತು ವರ್ಷಗಳಿಂದ ನೆಲೆಸಿದ್ದೇವೆ. ನಿವೃತ್ತಿಯ ನಂತರ ತೋಟ ಮಾಡಿಕೊಂಡಿರುವ ಆಸೆಯಿಂದ ಬಕಿಂಗ್‌ಹ್ಯಾಮ್ ಕೌಂಟಿಯಲ್ಲಿ (ಕೌಂಟಿಯೆಂದರೆ ನಮ್ಮ ಜಿಲ್ಲೆಯ ಹಾಗೆ) 42 ಎಕರೆ ಜಮೀನಿಗೆ ಕರಾರು ಮಾಡಿಕೊಂಡು ಮುಂಗಡವನ್ನೂ ಕೊಟ್ಟಿದ್ದೇವೆ. ಅದರಲ್ಲಿ ಒಂದು ಹಳೆಯ ಮರದ ಮನೆ ಇದೆ. ಹಿಂದಿನ ಗುಡ್ಡದ ಮೇಲೆ ಹೆಸರಿಲ್ಲದ ಕಲ್ಲುಗಳನ್ನು ನೆಟ್ಟ ಸಮಾಧಿಗಳಿವೆ. ಪಕ್ಕದ ಜಮೀನಿನವರು, ‘ಅಂತರ್ಯುದ್ಧದಲ್ಲಿ ಉತ್ತರದ ಸೈನಿಕರು ಇಲ್ಲಿಯ ಕೋರ್ಟನ್ನು ಸುಟ್ಟರು, ದಾಖಲೆಗಳೆಲ್ಲ ಬೂದಿಯಾದವು, ಇಲ್ಲಿ ಯಾವ ಜಮೀನು ಯಾರದೆಂದು ದೇವರಿಗೇ ಗೊತ್ತು’ ಎಂದುಬಿಟ್ಟರು. ಅಂದಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಮೂಲಪತ್ರವೇ ಇಲ್ಲದ ಜಮೀನನ್ನು ಕೊಳ್ಳುವುದು ಹೇಗೆ? ಈ ಜಮೀನಿನ ಹಿಂದಿನ ಕಥೆಯನ್ನು ತಿಳಿಯುವ ದಾರಿಯಾದರೂ ಇದೆಯೇ? ಮಾರುತ್ತಿರುವವರು ಅಣ್ಣ, ತಂಗಿ ಇಬ್ಬರು. ಇದು ಅವರ ಅಜ್ಜನ ಆಸ್ತಿ, ಅಜ್ಜ 1971ರಲ್ಲಿ ಉಯಿಲು ಬರೆಯದೆ ತೀರಿಕೊಂಡರಂತೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಕೋರ್ಟಿಗೆ ಬಿದ್ದ ಬೆಂಕಿಯಿಂದ ನಿಮ್ಮ ಹಕ್ಕಿಗೆ ಕುಂದು ಬರುತ್ತದೆಯೇ ಎಂಬುದು ಒಂದು, ಜಮೀನಿನ ಪೂರ್ವೇತಿಹಾಸ ಶಾಶ್ವತವಾಗಿ ಅಳಿಸಿಹೋಯಿತೇ ಎಂಬುದು ಇನ್ನೊಂದು. ಎರಡಕ್ಕೂ ನನ್ನ ಉತ್ತರ ‘ಇಲ್ಲ’ ಎಂದೇ. ಆದರೆ ನೀವು ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ ಅಜ್ಜನ ವಿಷಯವೇ ನನಗೆ ಬೆಂಕಿಗಿಂತ ಹೆಚ್ಚು ಚಿಂತೆ ತರುವಂಥದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೆರೆಯವರ ಮಾತು. ಬಕಿಂಗ್‌ಹ್ಯಾಮ್ ಕೌಂಟಿಯ ಕೋರ್ಟು ಸುಟ್ಟದ್ದು ನಿಜ, ಅದರಲ್ಲಿದ್ದ ದಾಖಲೆಗಳ ಬಹುಭಾಗ ನಾಶವಾದದ್ದೂ ನಿಜ. ಆದರೆ ಅದಕ್ಕೆ ಸೈನಿಕರು ಕಾರಣರಲ್ಲ. ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಆ ಯುದ್ಧದಲ್ಲಿ ದಕ್ಷಿಣದ ಸೇನಾನಿ ಜನರಲ್ ಲೀ ಪಕ್ಕದ ಅಪೊಮ್ಯಾಟಕ್ಸ್‌ನಲ್ಲಿ ಶರಣಾದದ್ದು 1865ರ ಏಪ್ರಿಲ್ 9ರಂದು. ಬಕಿಂಗ್‌ಹ್ಯಾಮ್ ಕೋರ್ಟಿಗೆ ಬೆಂಕಿ ಬಿದ್ದದ್ದು ಯುದ್ಧ ಮುಗಿದು ನಾಲ್ಕು ವರ್ಷಗಳಾಗುತ್ತ ಬಂದಾಗ, 1869ರ ಫೆಬ್ರುವರಿಯಲ್ಲಿ. ಸುಟ್ಟುಹೋದದ್ದು ಸಾಮಾನ್ಯ ಕಟ್ಟಡವೂ ಅಲ್ಲ. ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ ತಮ್ಮ ಕೊನೆಯ ವರ್ಷಗಳಲ್ಲಿ ವಿನ್ಯಾಸ ಮಾಡಿಕೊಟ್ಟಿದ್ದ, ಮುಂಭಾಗದಲ್ಲಿ ಕಂಬಗಳ ಸಾಲಿದ್ದ, ಗ್ರೀಕ್ ದೇವಾಲಯದಂಥ ಕಟ್ಟಡ ಅದು. ನೀವು ಈಗ ನೋಡುವ ಕೋರ್ಟು 1873ರದು. ಹಳೆಯದರ ನೆನಪನ್ನು ಉಳಿಸುವ ಹಾಗೆ ಕಟ್ಟಿದ್ದಾರೆ.

ಹಾಗಿದ್ದರೂ ಸೈನಿಕರ ಕಥೆ ಹುಟ್ಟಿದ್ದಕ್ಕೆ ಆಧಾರವೇ ಇಲ್ಲವೆನ್ನಲಾಗದು. ಪೂರ್ವದ ಹಲವು ಕೌಂಟಿಗಳು ತಮ್ಮ ದಾಖಲೆಗಳನ್ನು ಯುದ್ಧದಲ್ಲಿಯೇ ಕಳೆದುಕೊಂಡವು. ಇವುಗಳಲ್ಲಿ ಹ್ಯಾನೋವರ್ ಕೌಂಟಿಯದು ನೆನಪಿಡಬೇಕಾದ ಉದಾಹರಣೆ. ಸೇನೆ ಬಂದೀತೆಂದು ಹೆದರಿ ಅಲ್ಲಿಯ ದಾಖಲೆಗಳನ್ನು ಸುರಕ್ಷಿತ ಸ್ಥಳವೆಂದು ರಾಜಧಾನಿ ರಿಚ್ಮಂಡ್‌ಗೆ ಸಾಗಿಸಿದರು. 1865ರ ಏಪ್ರಿಲ್ 2ರ ರಾತ್ರಿ ದಕ್ಷಿಣದ ಸೇನೆ ನಗರವನ್ನು ತೊರೆಯುವಾಗ, ಶತ್ರುವಿನ ಕೈಗೆ ಸಿಗಬಾರದೆಂದು ಹೊಗೆಸೊಪ್ಪಿನ ಮತ್ತು ಸರಕಿನ ಗೋದಾಮುಗಳಿಗೆ ತಾನೇ ಬೆಂಕಿ ಇಟ್ಟಿತು. ಆ ಬೆಂಕಿ ಹಬ್ಬಿ, ಕೌಂಟಿ ದಾಖಲೆಗಳನ್ನು ತುಂಬಿಟ್ಟಿದ್ದ ಕೋರ್ಟು ಕಟ್ಟಡವನ್ನೂ ನುಂಗಿತು. ಇತ್ತ ಹ್ಯಾನೋವರ್‌ನ ಹದಿನೆಂಟನೆಯ ಶತಮಾನದ ಇಟ್ಟಿಗೆಯ ಕೋರ್ಟು ಇಂದಿಗೂ ಗಟ್ಟಿಯಾಗಿ ನಿಂತಿದೆ. ಇದ್ದಲ್ಲೇ ಬಿಟ್ಟಿದ್ದರೆ ಕಾಗದಗಳೂ ಉಳಿಯುತ್ತಿದ್ದವೇನೋ. ಕಟ್ಟಡ ಉಳಿದ ಮಾತ್ರಕ್ಕೆ ದಾಖಲೆ ಉಳಿದಿದೆಯೆಂದು ತಿಳಿಯಬಾರದು ಎಂಬುದಕ್ಕೆ ಕಿಂಗ್ ವಿಲಿಯಂ ಕೌಂಟಿ ಇನ್ನೊಂದು ನಿದರ್ಶನ: ಸುಮಾರು 1725ರ ಅದರ ಕೋರ್ಟು ಇನ್ನೂ ಸುಸ್ಥಿತಿಯಲ್ಲಿದೆ, ಆದರೆ ಬದಿಯಲ್ಲಿದ್ದ ಗುಮಾಸ್ತರ ಕಚೇರಿ 1885ರಲ್ಲಿ ಸುಟ್ಟು ದಾಖಲೆಗಳ ಬಹುಪಾಲು ಹೋಯಿತು. ನ್ಯೂ ಕೆಂಟ್ ಕೌಂಟಿಯಲ್ಲಿ 1787ರಲ್ಲಿ ಜೈಲಿಗೂ ಗುಮಾಸ್ತರ ಕಚೇರಿಗೂ ಬೆಂಕಿ ಹಚ್ಚಿದ ಜಾನ್ ಪ್ರೈಸ್ ಪೋಸಿ ಎಂಬಾತನನ್ನು ಮರುವರ್ಷ ಗಲ್ಲಿಗೇರಿಸಿದರು. ಇಂಥ ಊರುಗಳನ್ನು ವಂಶಾವಳಿ ಹುಡುಕುವವರು ‘ಸುಟ್ಟ ಕೌಂಟಿ’ಗಳೆಂದೇ ಕರೆಯುತ್ತಾರೆ. ಇದಕ್ಕೆ ತದ್ವಿರುದ್ಧವಾದ ಭಾಗ್ಯ ಚೆಸಪೀಕ್ ಕೊಲ್ಲಿಯಾಚೆಯ ನಾರ್ಥಾಂಪ್ಟನ್ ಕೌಂಟಿಯದು. ಅಲ್ಲಿ 1632ರಿಂದ ಕೋರ್ಟಿನ ದಾಖಲೆಗಳು ಕಡಿಯದೆ ಉಳಿದುಬಂದಿವೆ.

ಒಂದು ಕಟ್ಟಡಕ್ಕೆ ಬೆಂಕಿ ಬಿದ್ದರೆ ಇಡೀ ಕೌಂಟಿಯ ನೆನಪೇ ಹೋಗುವುದೇಕೆ ಎಂಬುದನ್ನು ಅರಿಯಲು ಆ ಕೋರ್ಟು ಎಂಥದ್ದಿತ್ತು ಎಂದು ತಿಳಿದಿರಬೇಕು. ನಮ್ಮಲ್ಲಿ ತಾಲ್ಲೂಕು ಕಚೇರಿ, ಉಪನೋಂದಣಾಧಿಕಾರಿಗಳ ಕಚೇರಿ, ಸಿವಿಲ್ ಕೋರ್ಟು ಬೇರೆಬೇರೆ. ವರ್ಜೀನಿಯಾದ ಹಳೆಯ ಕೌಂಟಿ ಕೋರ್ಟಿನಲ್ಲಿ ಇವೆಲ್ಲ ಒಂದೇ ಸೂರಿನಡಿ ಇದ್ದವು. ಊರಿನ ಸ್ಥಿತಿವಂತರೇ ನ್ಯಾಯಾಧಿಕಾರಿಗಳಾಗಿ ತಿಂಗಳಿಗೊಮ್ಮೆ ಸೇರಿ ಸಾಲದ ವ್ಯಾಜ್ಯ, ಉಯಿಲು, ರಸ್ತೆ, ಅನಾಥ ಮಕ್ಕಳ ಪೋಷಣೆ, ಹೋಟೆಲಿನ ಪರವಾನಗಿ ಎಲ್ಲವನ್ನೂ ತೀರ್ಮಾನಿಸುತ್ತಿದ್ದರು. ಕೋರ್ಟು ನಡೆಯುವ ದಿನ ಊರಿಗೆ ಸಂತೆಯ ಕಳೆ ಬರುತ್ತಿತ್ತು. ಜನ ಅಂದೇ ಕುದುರೆ ಮಾರುತ್ತಿದ್ದರು, ಕ್ರಯಪತ್ರವನ್ನೂ ತರುತ್ತಿದ್ದರು. ದುಃಖದ ಸಂಗತಿಯೆಂದರೆ ಗುಲಾಮರ ಕ್ರಯವೂ ಎಷ್ಟೋ ಊರುಗಳಲ್ಲಿ ಅದೇ ಮೆಟ್ಟಿಲುಗಳ ಮುಂದೆ ನಡೆಯುತ್ತಿತ್ತು. ಹಳೆಯ ಕೌಂಟಿ ಕೋರ್ಟುಗಳು 1904ರಲ್ಲಿ ರದ್ದಾಗಿ ಸರ್ಕ್ಯೂಟ್ ಕೋರ್ಟುಗಳು ಅವುಗಳ ಕೆಲಸವನ್ನು ವಹಿಸಿಕೊಂಡವು. ಆದರೆ ಕ್ರಯಪತ್ರ, ಉಯಿಲು, ಮದುವೆಯ ದಾಖಲೆಗಳು ಇಂದಿಗೂ ಕೋರ್ಟಿನ ಗುಮಾಸ್ತರ ವಶದಲ್ಲಿಯೇ ಇವೆ. ‘ಗುಮಾಸ್ತ’ ಎಂದು ನಾನು ಕರೆದರೂ ಅದು ಕಿರಿಯ ಹುದ್ದೆಯಲ್ಲ. ಎಂಟು ವರ್ಷಗಳ ಅವಧಿಗೆ ಜನರೇ ಮತ ಹಾಕಿ ಆರಿಸುವ ಸಾಂವಿಧಾನಿಕ ಅಧಿಕಾರಿ ಅವರು.

ಇನ್ನು ಆ ದಿನ ಸುಟ್ಟದ್ದೇನು ಎಂಬ ಮುಖ್ಯ ಪ್ರಶ್ನೆ. ಟೈಪ್‌ರೈಟರ್ ಬರುವ ಮೊದಲು ಕ್ರಯಪತ್ರವೊಂದು ಕೋರ್ಟಿಗೆ ಬಂದರೆ ಗುಮಾಸ್ತರು ಅದನ್ನು ಅಕ್ಷರಕ್ಕೆ ಅಕ್ಷರ ತಮ್ಮ ದಪ್ಪ ಪುಸ್ತಕದಲ್ಲಿ ನಕಲು ಮಾಡಿಕೊಂಡು ಮೂಲವನ್ನು ಮಾಲೀಕರಿಗೆ ಮರಳಿಸುತ್ತಿದ್ದರು. ಆದ್ದರಿಂದ ಸುಟ್ಟದ್ದು ಸರ್ಕಾರಿ ನಕಲುಗಳ ಪುಸ್ತಕ. ಹಕ್ಕನ್ನು ಕೊಟ್ಟ ಮೂಲಪತ್ರ ಮಾಲೀಕರ ಪೆಟ್ಟಿಗೆಯಲ್ಲಿತ್ತು. ಇಲ್ಲಿಯ ಕಾನೂನಿನಲ್ಲಿ ನೋಂದಣಿ ಎಂಬುದು ಲೋಕಕ್ಕೆಲ್ಲ ಕೊಡುವ ತಿಳಿವಳಿಕೆ. ಕೊಟ್ಟವರಿಗೂ ಕೊಂಡವರಿಗೂ ನಡುವೆ ಹಕ್ಕು ಬದಲಾಗುವುದು ಪತ್ರವನ್ನು ಬರೆದು ಒಪ್ಪಿಸಿದಾಗಲೇ. ಬೆಂಕಿಯ ನಂತರ ಅನೇಕರು ಮೂಲಪತ್ರಗಳನ್ನು ತಂದು ಹೊಸ ಪುಸ್ತಕಗಳಲ್ಲಿ ಮತ್ತೆ ಬರೆಸಿಕೊಂಡರು. ಹಾಗಾಗಿ ಸುಟ್ಟ ಕೌಂಟಿಗಳ 1870ರ ದಶಕದ ಪುಸ್ತಕಗಳಲ್ಲಿ ಎಷ್ಟೋ ದಶಕ ಹಿಂದಿನ ಕ್ರಯಪತ್ರವೊಂದು ಇದ್ದಕ್ಕಿದ್ದಂತೆ ಎದುರಾಗುವುದುಂಟು. ನನ್ನ ಇಪ್ಪತ್ತು ವರ್ಷಗಳ ಹಕ್ಕು ಶೋಧನೆಯ ಕೆಲಸದಲ್ಲಿ ಇಂಥ ಪತ್ರ ಸಿಕ್ಕ ದಿನಗಳೇ ನನಗೆ ಹಬ್ಬ. ಹೊಸಬರು ದಿನಾಂಕದ ಕ್ರಮದಲ್ಲಿ ಮಾತ್ರ ಹುಡುಕಿ ಇವುಗಳನ್ನು ಕಾಣದೆ ಹೋಗುತ್ತಾರೆ.

ಹಕ್ಕಿನ ವಿಷಯಕ್ಕೆ ಬಂದರೆ, ವರ್ಜೀನಿಯಾದಲ್ಲಿ ಶೋಧಕರು ವಾಡಿಕೆಯಂತೆ ಹಿಂದಿನ 60 ವರ್ಷಗಳ ಸರಪಳಿಯನ್ನು ನೋಡುತ್ತಾರೆ. ನಿಮ್ಮ ಕೌಂಟಿಯ ಪುಸ್ತಕಗಳು ಬೆಂಕಿಯ ನಂತರ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ನಡೆದುಬಂದಿವೆ. ಜೊತೆಗೆ, ಬಹಿರಂಗವಾಗಿ, ಎಡೆಬಿಡದೆ, ನಿಜವಾದ ಮಾಲೀಕರ ಹಕ್ಕಿಗೆ ವಿರುದ್ಧವಾಗಿ 15 ವರ್ಷ ಸ್ವಾಧೀನದಲ್ಲಿದ್ದರೆ ಈ ಭಾಗದ ಕಾನೂನು ಆ ಸ್ವಾಧೀನವನ್ನೇ ಹಕ್ಕೆಂದು ಒಪ್ಪುತ್ತದೆ. 1869ಕ್ಕೆ ಹಿಂದಿನ ಯಾವುದೋ ಮನೆತನದ ಮರಿಮಕ್ಕಳು ಇಂದು ಎದ್ದು ಬಂದು ನಿಮ್ಮ ಬೇಲಿ ಕೀಳುವ ಸಂಭವ ಇಲ್ಲವೆಂದೇ ಹೇಳಬಹುದು.

ಹಾಗಾದರೆ ಅಪಾಯ ಎಲ್ಲಿದೆ? ನನ್ನ ಅನುಭವದಲ್ಲಿ ಸುಟ್ಟ ಕೌಂಟಿಯಲ್ಲಾಗಲಿ ಸುಡದ ಕೌಂಟಿಯಲ್ಲಾಗಲಿ ಹಳ್ಳಿಯ ಜಮೀನಿನ ಹಕ್ಕು ಕೆಡುವುದು ಬೆಂಕಿಯಿಂದಲ್ಲ, ಬರೆಯದೆ ಬಿಟ್ಟ ಕಾಗದದಿಂದ. ಅಜ್ಜ ಉಯಿಲಿಲ್ಲದೆ ತೀರಿಕೊಂಡ ಕ್ಷಣದಲ್ಲಿಯೇ ಜಮೀನು ಅವರ ವಾರಸುದಾರರೆಲ್ಲರಿಗೂ ಅವಿಭಕ್ತವಾಗಿ ಸೇರುತ್ತದೆ. ಅವರಲ್ಲಿ ಯಾರಾದರೂ ತೀರಿಕೊಂಡರೆ ಆ ಪಾಲು ಅವರ ಮಕ್ಕಳಿಗೆ ಹಂಚಿಹೋಗುತ್ತದೆ. ಐವತ್ತು ವರ್ಷಗಳಲ್ಲಿ ಪಾಲುದಾರರು ಇಪ್ಪತ್ತು, ಮೂವತ್ತು ಮಂದಿಯಾಗಬಹುದು. ಅವರಲ್ಲಿ ಅರ್ಧದಷ್ಟು ಜನ ಆ ಜಮೀನನ್ನು ಕಣ್ಣಿನಿಂದ ಕಂಡಿರುವುದಿಲ್ಲ. ನಮ್ಮ ಕಡೆ ಪೌತಿ ಖಾತೆಯಾಗದೆ ಮುತ್ತಜ್ಜನ ಹೆಸರಿನಲ್ಲಿಯೇ ಉಳಿದ ಪಹಣಿಯನ್ನು ನೀವು ನೋಡಿರಬಹುದು. ಇದು ಅದೇ ರೋಗ. ಅಣ್ಣ, ತಂಗಿ ಇಬ್ಬರೇ ಕಂದಾಯ ಕಟ್ಟುತ್ತ ಬಂದಿದ್ದಾರೆ ಎಂಬುದು ಅವರಿಬ್ಬರೇ ಮಾಲೀಕರು ಎಂಬುದಕ್ಕೆ ಸಾಕ್ಷಿಯಾಗದು. ಮೇಲೆ ಹೇಳಿದ 15 ವರ್ಷಗಳ ಸ್ವಾಧೀನದ ನಿಯಮವೂ ಇಲ್ಲಿ ಸುಲಭವಾಗಿ ನೆರವಿಗೆ ಬಾರದು. ಸಹಪಾಲುದಾರರೊಬ್ಬರ ಸ್ವಾಧೀನವನ್ನು ಎಲ್ಲರ ಪರವಾದ ಸ್ವಾಧೀನವೆಂದೇ ಕಾನೂನು ಭಾವಿಸುತ್ತದೆ. ಉಳಿದವರನ್ನು ಸ್ಪಷ್ಟವಾಗಿ ಹೊರಗಿಟ್ಟದ್ದು ಸಾಬೀತಾದರೆ ಮಾತ್ರ ಮಾತು ಬೇರೆ.

ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಬಹಳ ಕಷ್ಟದಿಂದ ನೆಲ ಕೊಂಡುಕೊಂಡ ಕಪ್ಪು ಕುಟುಂಬಗಳಲ್ಲಿ ಇಂಥ ಅವಿಭಕ್ತ ಜಮೀನು ಹೆಚ್ಚು. ಯಾರೋ ಒಬ್ಬ ದೂರದ ಪಾಲುದಾರರಿಂದ ಸಣ್ಣ ಪಾಲನ್ನು ಕೊಂಡ ಹೊರಗಿನವರು ಕೋರ್ಟಿನ ಮೂಲಕ ಇಡೀ ಜಮೀನನ್ನು ಹರಾಜು ಹಾಕಿಸಿದ ಪ್ರಕರಣಗಳು ಅನೇಕ. ಇದನ್ನು ತಡೆಯಲು ಉಳಿದ ಪಾಲುದಾರರಿಗೆ ನ್ಯಾಯವಾದ ಬೆಲೆಗೆ ಆ ಪಾಲನ್ನು ಕೊಂಡುಕೊಳ್ಳುವ ಅವಕಾಶ ನೀಡುವ ಕಾಯ್ದೆಯನ್ನು ವರ್ಜೀನಿಯಾ 2020ರಲ್ಲಿ ಜಾರಿಗೆ ತಂದಿತು. ನಿಮ್ಮ ಮಾರಾಟಗಾರರ ಹಿನ್ನೆಲೆ ಯಾವುದೇ ಇರಲಿ, ಕಾಣದ ಪಾಲುದಾರರೊಬ್ಬರು ಇದ್ದರೆ ನೀವು ಕೊಳ್ಳುವುದು 42 ಎಕರೆಯಲ್ಲ, 42 ಎಕರೆಯೊಳಗಿನ ಕೆಲವು ಪಾಲುಗಳು ಮತ್ತು ಒಂದು ವಿಭಾಗದ ದಾವೆ.

ಈಗ ನಿಮ್ಮ ಮುಂದಿರುವ ದಾರಿಗಳು. ಎಲ್ಲಕ್ಕಿಂತ ಅಗ್ಗದ್ದು, ನನಗೆ ಮೆಚ್ಚುಗೆಯಾದದ್ದು, ಕ್ರಯಕ್ಕೆ ಮೊದಲೇ ಮಾರಾಟಗಾರರಿಂದ ದೋಷವನ್ನು ಸರಿಪಡಿಸಿಸುವುದು. ಅಜ್ಜನ ವಾರಸುದಾರರ ಪಟ್ಟಿಯನ್ನು ಪ್ರಮಾಣೀಕರಿಸಿ ಗುಮಾಸ್ತರ ಕಚೇರಿಯಲ್ಲಿ ದಾಖಲಿಸಲು ಇಲ್ಲಿ ಅವಕಾಶವಿದೆ. ಆಮೇಲೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಇದರ ತೊಡಕೇನೆಂದರೆ ಪಟ್ಟಿ ಬರೆದವರ ನೆನಪಿನಷ್ಟೇ ಅದು ಸರಿ. ಮೊದಲ ಮದುವೆಯ ಮಗಳೊಬ್ಬಳು ಪಟ್ಟಿಯಿಂದ ಬಿಟ್ಟುಹೋದದ್ದನ್ನು ನಾನು ಒಮ್ಮೆಯಲ್ಲ, ಹಲವು ಬಾರಿ ಕಂಡಿದ್ದೇನೆ. ಸಹಿ ಸಿಗದವರು ಅಥವಾ ಗುರುತಿಲ್ಲದವರು ಇದ್ದರೆ ಹಕ್ಕು ಸ್ಥಿರೀಕರಣದ ದಾವೆಯೇ ಗತಿ: ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಅಜ್ಞಾತ ವಾರಸುದಾರರ ಪರವಾಗಿ ಕೋರ್ಟು ಒಬ್ಬ ವಕೀಲರನ್ನು ನೇಮಿಸಿ, ಕೊನೆಗೆ ತೀರ್ಪು ಪಡೆಯಬೇಕು. ಫಲಿತಾಂಶ ಭದ್ರ, ಆದರೆ ತಿಂಗಳುಗಟ್ಟಲೆ ಕಾಯಬೇಕು, ಖರ್ಚು ಯಾರದೆಂಬ ಜಗಳವೂ ಇರುತ್ತದೆ.

‘ಹಕ್ಕಿನ ವಿಮೆ ಇದೆಯಲ್ಲ, ಅದಕ್ಕಿಂತ ಹೆಚ್ಚೇನು ಬೇಕು’ ಎಂದು ದಲ್ಲಾಳಿಗಳು ಹೇಳಿಯೇ ಹೇಳುತ್ತಾರೆ. ವಿಮೆಯನ್ನು ತಪ್ಪದೆ ಕೊಳ್ಳಿ, ಒಮ್ಮೆ ಹಣ ಕಟ್ಟಿದರೆ ಸಾಕು. ಆದರೆ ಎರಡು ವಿಷಯ ಗಮನಿಸಿ. ಬ್ಯಾಂಕಿನ ಒತ್ತಾಯಕ್ಕೆ ಮಾಡಿಸುವ ವಿಮೆ ಬ್ಯಾಂಕಿನ ಸಾಲಕ್ಕೆ ಮಾತ್ರ ರಕ್ಷಣೆ; ಮಾಲೀಕರ ವಿಮೆಯನ್ನು ನೀವು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಎರಡನೆಯದಾಗಿ, ವಿಮಾ ಪತ್ರದಲ್ಲಿ ‘ಹೊರತುಪಡಿಸಿದ ಅಂಶಗಳು’ ಎಂಬ ಭಾಗವಿರುತ್ತದೆ. ಕಂಪನಿಗೆ ಅನುಮಾನ ಬಂದ ಪ್ರತಿಯೊಂದನ್ನೂ, ಎಂದರೆ ಅಜ್ಜನ ವಾರಸುದಾರರು, ಗಡಿ, ಸಮಾಧಿ, ಖನಿಜದ ಹಕ್ಕು ಇವೆಲ್ಲವನ್ನೂ, ಅಲ್ಲಿ ಸೇರಿಸಿ ಕೈ ತೊಳೆದುಕೊಳ್ಳಬಹುದು. ಕ್ರಯಕ್ಕೆ ಮೊದಲೇ ಆ ಪಟ್ಟಿಯನ್ನು ತರಿಸಿಕೊಂಡು ನಿಮ್ಮ ಪರವಾದ ವಕೀಲರೊಡನೆ ಓದಿ. ಖನಿಜದ ಮಾತು ಬಕಿಂಗ್‌ಹ್ಯಾಮ್‌ನಲ್ಲಿ ಹಾಸ್ಯವಲ್ಲ: ಆರ್ವೋನಿಯಾದ ಛಾವಣಿ ಕಲ್ಲು ಹೆಸರುವಾಸಿ, ವಿಲ್ಲಿಸ್ ಬೆಟ್ಟದಲ್ಲಿ ಕಯನೈಟ್ ಎಂಬ ಖನಿಜದ ಗಣಿಯಿದೆ, ರಾಜ್ಯದಲ್ಲಿ ಚಿನ್ನ ಸಿಗುವ ನೆಲದ ಪಟ್ಟೆಯೂ ಈ ಕೌಂಟಿಯ ಮೂಲಕವೇ ಹಾಯುತ್ತದೆ. ಹಿಂದಿನವರು ಯಾರಾದರೂ ನೆಲವನ್ನು ಮಾರಿ ಖನಿಜವನ್ನು ತಮಗೇ ಉಳಿಸಿಕೊಂಡಿದ್ದಾರೆಯೇ ಎಂದು ನೋಡಲೇಬೇಕು.

ಅಳತೆಯನ್ನೂ ಬಿಡಬೇಡಿ. ಇಲ್ಲಿಯ ಹಳೆಯ ಕ್ರಯಪತ್ರಗಳಲ್ಲಿ ಸರ್ವೆ ನಂಬರು ಇರುವುದಿಲ್ಲ; ‘ಹಳ್ಳದ ದಡದ ಬಿಳಿ ಓಕ್ ಮರದಿಂದ ಉತ್ತರಕ್ಕೆ ಇಷ್ಟು ಡಿಗ್ರಿ ಪೂರ್ವವಾಗಿ 80 ಪೋಲ್’ ಎಂಬಂಥ ಚಕ್ಕುಬಂದಿ ಇರುತ್ತದೆ. ಒಂದು ಪೋಲ್ ಎಂದರೆ ಹದಿನಾರೂವರೆ ಅಡಿ, ನಾಲ್ಕು ಪೋಲ್ ಸೇರಿದರೆ 66 ಅಡಿಯ ಒಂದು ಸರಪಳಿ. ನಮ್ಮ ಸರ್ವೆಯವರ 33 ಅಡಿಯ ಸರಪಳಿ ಇದರ ಸರಿಯಾಗಿ ಅರ್ಧ. ಅದರ ಒಂದು ಚದರವೇ ನಮ್ಮ ಗುಂಟೆ. ಮರ ಬಿದ್ದು ನೂರು ವರ್ಷವಾಗಿರುತ್ತದೆ, ದಿಕ್ಸೂಚಿಯ ಉತ್ತರವೂ ಕಾಲಕಾಲಕ್ಕೆ ಸರಿಯುತ್ತದೆ. ಆದ್ದರಿಂದ ಪರವಾನಗಿಯುಳ್ಳ ಸರ್ವೇಯರರಿಂದ ಹೊಸ ಅಳತೆ ಮಾಡಿಸಿ, ಕಲ್ಲು ನೆಡಿಸಿ, ನಕ್ಷೆಯನ್ನು ಕ್ರಯಪತ್ರದೊಡನೆ ದಾಖಲಿಸಿ.

ಇನ್ನು ಜಮೀನಿನ ಕಥೆ. ಕೌಂಟಿಯ ಪ್ರತಿ ಸುಟ್ಟರೂ ಆ ಕಾಲದ ಆಡಳಿತ ಅನೇಕ ಸಂಗತಿಗಳನ್ನು ಎರಡೆರಡು ಕಡೆ ಬರೆಸುತ್ತಿತ್ತು. ಸರ್ಕಾರ ಮೊದಲಬಾರಿಗೆ ನೆಲವನ್ನು ಕೊಟ್ಟ ಸನ್ನದುಗಳು ರಾಜಧಾನಿಯಲ್ಲಿಯೇ ಇದ್ದು ಉಳಿದಿವೆ. ಬಕಿಂಗ್‌ಹ್ಯಾಮ್ ಪ್ರತ್ಯೇಕ ಕೌಂಟಿಯಾದದ್ದು 1761ರಲ್ಲಿ; ಅದಕ್ಕೆ ಮೊದಲು ನಿಮ್ಮ ನೆಲ ಆಲ್ಬೆಮಾರ್ಲ್ ಕೌಂಟಿಗೆ ಸೇರಿತ್ತು, ಆ ಕಾಲದ ಕ್ರಯಪತ್ರಗಳನ್ನು ಶಾರ್ಲಟ್ಸ್‌ವಿಲ್‌ನಲ್ಲಿ ಹುಡುಕಬೇಕು. 1845ರಲ್ಲಿ ಬಕಿಂಗ್‌ಹ್ಯಾಮ್‌ನ ಒಂದು ಭಾಗ ಅಪೊಮ್ಯಾಟಕ್ಸ್ ಕೌಂಟಿಗೆ ಹೋಯಿತು; ಅಲ್ಲಿಯ ಕೋರ್ಟೂ 1892ರಲ್ಲಿ ಸುಟ್ಟಿತು. ಆ ಭಾಗದವರಿಗೆ ಎರಡು ಬೆಂಕಿಯ ನಷ್ಟ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ನಿಧಿ ಭೂಕಂದಾಯದ ಪಟ್ಟಿಗಳು. 1782ರಿಂದ ಪ್ರತಿ ವರ್ಷವೂ ಇವುಗಳ ಒಂದು ಪ್ರತಿ ರಿಚ್ಮಂಡ್‌ನ ಲೆಕ್ಕಾಧಿಕಾರಿಗೆ ಹೋಗುತ್ತಿತ್ತು. ತೆರಿಗೆಯನ್ನೇ ಎತ್ತದ 1808 ಮಾತ್ರ ಇದಕ್ಕೆ ಹೊರತು. ಆ ಪ್ರತಿಗಳು ಈಗ ಲೈಬ್ರರಿ ಆಫ್ ವರ್ಜೀನಿಯಾದಲ್ಲಿವೆ. 1814ರಿಂದ ಈ ಪಟ್ಟಿಗಳು ಪ್ರತಿ ಜಮೀನು ಕೋರ್ಟಿನಿಂದ ಯಾವ ದಿಕ್ಕಿಗೆ, ಎಷ್ಟು ಮೈಲಿ ದೂರ ಎಂಬುದನ್ನು ಬರೆಯತೊಡಗಿದವು. 1820ರಿಂದ ಕಟ್ಟಡಗಳ ಬೆಲೆಯನ್ನು ಬೇರೆಯಾಗಿ ತೋರಿಸಿದವು. ಯಾವುದೋ ಒಂದು ವರ್ಷ ಕಟ್ಟಡದ ಬೆಲೆ ಇದ್ದಕ್ಕಿದ್ದಂತೆ ಏರಿದ್ದರೆ ನಿಮ್ಮ ಮರದ ಮನೆ ಆಗಲೇ ಎದ್ದಿತೆಂದು ಊಹಿಸಬಹುದು. ಮಾಲೀಕರ ಹೆಸರು ಬದಲಾದ ವರ್ಷವೇ ಸುಟ್ಟುಹೋದ ಕ್ರಯಪತ್ರದ ನೆರಳು. ಇದರೊಂದಿಗೆ ಅದೇ ಗ್ರಂಥಾಲಯ ‘ದಾಖಲೆ ಕಳೆದುಕೊಂಡ ಊರು’ಗಳಿಗಾಗಿ ಒಂದು ಡಿಜಿಟಲ್ ಸಂಗ್ರಹವನ್ನು ಇಟ್ಟಿದೆ: ಬೇರೆ ಕೌಂಟಿಯ ವ್ಯಾಜ್ಯದಲ್ಲಿ ಸಾಕ್ಷಿಯಾಗಿ ಹಾಜರುಪಡಿಸಿದ ಬಕಿಂಗ್‌ಹ್ಯಾಮ್‌ನ ಉಯಿಲು, ಕ್ರಯಪತ್ರಗಳ ನಕಲುಗಳು ಅಲ್ಲಿ ಸೇರುತ್ತಿವೆ. ನೂರೈವತ್ತು ವರ್ಷಗಳ ಹಿಂದಿನ ಜಗಳಗಂಟರಿಗೆ ನಾವು ಋಣಿಗಳಾಗಿರಬೇಕಾದ ಸಂದರ್ಭ ಇದೊಂದೇ ಇರಬೇಕು.

ಗುಡ್ಡದ ಮೇಲಿನ ಹೆಸರಿಲ್ಲದ ಕಲ್ಲುಗಳು ಗುಲಾಮರಾಗಿದ್ದವರ ಸಮಾಧಿಗಳಾಗಿರುವ ಸಾಧ್ಯತೆಯನ್ನು ನೀವು ಮನಸ್ಸಿನಲ್ಲಿಡಬೇಕು. 1850 ಮತ್ತು 1860ರ ಜನಗಣತಿಗಳು ಅವರನ್ನು ಒಡೆಯನ ಹೆಸರಿನಡಿ ವಯಸ್ಸು, ಲಿಂಗ, ಮೈಬಣ್ಣಗಳಷ್ಟರಿಂದ ಎಣಿಸಿದವು. ಅವರಲ್ಲಿ ಬಹುತೇಕರ ಹೆಸರು ಜನಗಣತಿಯಲ್ಲಿ ಮೊದಲು ಕಾಣುವುದು 1870ರಲ್ಲಿ. ಆದರೆ 1853ರಿಂದ 1896ರವರೆಗಿನ ಜನನ, ಮರಣಗಳ ಪಟ್ಟಿಯ ಪ್ರತಿಯೂ ರಿಚ್ಮಂಡ್‌ಗೆ ಹೋಗುತ್ತಿತ್ತು. ಅದರ ಮೊದಲ ವರ್ಷಗಳಲ್ಲಿ ಗುಲಾಮರ ಜನನ, ಮರಣಗಳೂ ಒಡೆಯರ ಹೆಸರಿನೊಂದಿಗೆ ಸಿಗುತ್ತವೆ. ಕಪ್ಪು ಜನರ ಇತಿಹಾಸವನ್ನು ಶಾಸ್ತ್ರೀಯ ಅಧ್ಯಯನವಾಗಿ ಕಟ್ಟಿದ ಕಾರ್ಟರ್ ಜಿ. ವುಡ್ಸನ್ ಇದೇ ಕೌಂಟಿಯ ನ್ಯೂ ಕ್ಯಾಂಟನ್‌ನಲ್ಲಿ 1875ರಲ್ಲಿ ಹುಟ್ಟಿದವರು. ಕಾನೂನಿನ ಮಟ್ಟಿಗೆ ಹೇಳುವುದಾದರೆ, ಖಾಸಗಿ ಜಮೀನಿನೊಳಗಿನ ಸಮಾಧಿಗೆ ಅಲ್ಲಿ ಹೂಳಲ್ಪಟ್ಟವರ ವಂಶಸ್ಥರು ಮುಂಚಿತವಾಗಿ ತಿಳಿಸಿ ಬಂದುಹೋಗುವ ಹಕ್ಕನ್ನು ವರ್ಜೀನಿಯಾ ಮಾನ್ಯ ಮಾಡುತ್ತದೆ. ಜಮೀನು ನಿಮ್ಮದಾದರೂ ಆ ನೆಲವನ್ನು ಉಳುವಂತಿಲ್ಲ. ಸರ್ವೇಯರರಿಗೆ ಹೇಳಿ ನಕ್ಷೆಯಲ್ಲಿಯೇ ಅದನ್ನೂ, ಅಲ್ಲಿಗೆ ಹೋಗುವ ದಾರಿಯನ್ನೂ ಗುರುತಿಸಿಸಿ.

ಈ ವಾರವೇ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಕರಾರಿನಲ್ಲಿ ಹಕ್ಕಿನ ದೋಷವನ್ನು ತಿಳಿಸಲು ಕೊಟ್ಟಿರುವ ಕೊನೆಯ ದಿನಾಂಕ ಯಾವುದೆಂದು ನೋಡಿ. ಆ ದಿನದೊಳಗೆ ಅಜ್ಜನ ವಾರಸುದಾರರ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿದರೆ ಸಾಮಾನ್ಯವಾಗಿ ಮುಂಗಡವನ್ನು ಹಿಂಪಡೆಯುವ ದಾರಿ ತೆರೆದಿರುತ್ತದೆ. ದಿನ ಮೀರಿದರೆ ಅದು ಮಾರಾಟಗಾರರ ದಯೆಗೆ ಬಿಟ್ಟದ್ದಾಗಬಹುದು.